ಪಿನ್ನಿನವಳ ತಂಗಿ

ಆ ಬಸ್ಸಿನ ಕಂಡಕ್ಟರಿಗೆ ಹೊಲಿಗೆಯಮ್ಮನ ಮುಖ ಪರಿಚಯವಾಗಿ ಹೋಗಿತ್ತು. "ನಿಧಾನ ಅಜ್ಜಿ, ಬಸ್ಸೇನೂ ಓಡಿಹೋಗಲ್ಲ" ಎಂದು ದಿನಾ ಕೈಹಿಡಿದು ಹತ್ತಿಸುತ್ತಿದ್ದ.

"ಇದು ಓಡಲ್ಲ ಅಂತ ಗೊತ್ತಪ್ಪಾ, ದಿನಾ ಇದರಲ್ಲೇ ತಾನೇ ಬರೋದು" ಎಂದು ಅವಳು ಸೀಟು ಹಿಡಿದು ಕಣ್ಣು ಮುಚ್ಚುತ್ತಿದ್ದಳು.

ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹರಿದ ಹೊದಿಕೆಗಳಿಗೆ ತೇಪೆ ಹಾಕುತ್ತ ಆಯಸ್ಸು ಸವೆಸಿದವಳು. ಕೆಲಸ ಬಿಟ್ಟ ಮೇಲೂ ಹೊಲಿಗೆಯಮ್ಮ ಎಂಬ ಹೆಸರು ಉಳಿದುಕೊಂಡಿತ್ತು. ಅದಕ್ಕೆ ಮೊದಲು ಅವಳಿಗೆ ಇನ್ನೊಂದು ಹೆಸರಿತ್ತು. ಪಿನ್ನಿನವಳ ತಂಗಿ.

ಅದು ಯುದ್ಧದ ಕಾಲದ ಮಾತು. ಅವಳಿಗಾಗ ಹಾಲುಹಲ್ಲು ಬೀಳುವ ವಯಸ್ಸು. ಅಕ್ಕ ಮದ್ದುಗುಂಡಿನ ಕಾರ್ಖಾನೆಗೆ ಸೇರಿ ಅಲ್ಲಿನ ಹಾಸ್ಟೆಲಿನಲ್ಲೇ ಇದ್ದಳು. ಅವಳದು ಗುಂಡುಗಳಿಗೆ ಮದ್ದು ತುಂಬುವ ಕೋಣೆ. ಅದರೊಳಗೆ ಕಬ್ಬಿಣದ ಚೂರೂ ಹೋಗುವಂತಿಲ್ಲ. ಉಂಗುರ, ಬಳೆ, ತಲೆಯ ಪಿನ್ನು ಎಲ್ಲ ಬಾಗಿಲಲ್ಲೇ ತೆಗೆದಿಟ್ಟು, ಬಟ್ಟೆಯ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಬೇಕು. ಒಬ್ಬೊಬ್ಬರನ್ನೂ ಮುಟ್ಟಿ ನೋಡಿ ಬಿಡಲು ತಪಾಸಣೆಯ ಹೆಂಗಸೊಬ್ಬಳಿದ್ದಳು. ಹೀಗಿದ್ದೂ ಒಂದು ಬೆಳಿಗ್ಗೆ ಕೋಣೆ ಸಿಡಿಯಿತು. ಒಳಗಿದ್ದವರು ಒಬ್ಬರೂ ಉಳಿಯಲಿಲ್ಲ. ಬೂದಿ ಕೆದಕಿದಾಗ ಅಕ್ಕ ಕೂರುತ್ತಿದ್ದ ಜಾಗದಲ್ಲಿ ತಲೆಗೆ ಸಿಕ್ಕಿಸುವ ಪಿನ್ನೊಂದು ಸಿಕ್ಕಿತು. ಅಲ್ಲಿಗೆ ವಿಚಾರಣೆ ಮುಗಿಯಿತು. ಪಿನ್ನು ಬಿತ್ತು, ಉಜ್ಜಿತು, ಕಿಡಿ ಹಾರಿತು ಅಂದರು. ಮನೆಗೆ ಮೊಳೆ ಹೊಡೆದ ಶವಪೆಟ್ಟಿಗೆ ಬಂತು. ಅಮ್ಮ ಅಂದಿನಿಂದ ದೊಡ್ಡ ಮಗಳ ಹೆಸರೆತ್ತಲಿಲ್ಲ. ನೀರಿಗೆ ಹೋದರೆ ಅಕ್ಕಪಕ್ಕದವರು ಕೊಡ ದೂರ ಸರಿಸಿಕೊಳ್ಳುತ್ತಿದ್ದರು.

ಈಗ, ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾದ ಮೇಲೆ, ಹಳೆಯ ಕೆಲಸಗಾರರ ಸಂಘದವರು ಅದರ ಗೇಟಿನ ಗೋಡೆಯ ಮೇಲೆ ಸತ್ತವರ ಹೆಸರು ಬರೆಸುತ್ತಿದ್ದರು. ಸಂಘದ ಕಾರ್ಯದರ್ಶಿ ಲೇತ್ ಮೆಷೀನಿನ ಮುಂದೆ ನಿಂತು ನಿಂತು ಅರ್ಧ ಕಿವುಡಾದ ಮುದುಕ.

"ನಿಮ್ಮಕ್ಕನ ಹೆಸರಾ? ನಾನು ಬೇಡ ಅನ್ನಲ್ಲಮ್ಮ. ಬೇರೆ ಮನೆಯವರು ಬಿಡಬೇಕಲ್ಲ. ಸಾಯಿಸಿದವಳನ್ನೂ ಸತ್ತವರ ಜೊತೆ ಬರೀತೀರಾ ಅಂತ ನನ್ನ ಮೈಮೇಲೇ ಬರ್ತಾರೆ."

"ಪಿನ್ನು ಅವಳದ್ದೇ ಅಂತ ಕಂಡವರು ಯಾರು?"

"ಜೋರಾಗಿ ಹೇಳಮ್ಮ!"

"ಇದಕ್ಕಿಂತ ಜೋರು ನನ್ನ ಗಂಟಲಲ್ಲಿಲ್ಲ ಯಜಮಾನ್ರೆ."

ಅವನಿಗೆ ಏನನ್ನಿಸಿತೋ, ದನಿ ಇಳಿಸಿದ. "ಅವತ್ತು ಅಲ್ಲಿದ್ದವರು ಯಾರಾದ್ರೂ ಬಂದು ಹೇಳಲಿ. ಬರೆಸ್ತೀನಿ."

ಹಾಗಾಗಿ ಈ ಬಸ್ಸಿನ ಓಡಾಟ. ಕಾರ್ಖಾನೆಯ ಹಳೆಯ ಕಚೇರಿಯಲ್ಲಿ ಈಗ ಸಿಮೆಂಟು ಮೂಟೆಗಳಿದ್ದವು. ಕೆಲವು ಮನೆಗಳಲ್ಲಿ ಬಾಗಿಲು ತೆರೆದವರು ಅವಳು ಯಾರೆಂದು ತಿಳಿದೊಡನೆ ಮುಚ್ಚಿದರು. ಎಲ್ಲ ಗೊತ್ತು ಬಾ ಎಂದು ಕೂರಿಸಿಕೊಂಡ ಒಬ್ಬಳು ಮುದುಕಿ ಸಂಜೆಯವರೆಗೂ ತನ್ನ ಹೊಟ್ಟೆಯ ಕಲ್ಲಿನ ಕಥೆ ಹೇಳಿದಳು. ಹೊಲಿಗೆಯಮ್ಮ ಅದನ್ನೂ ಪೂರ್ತಿ ಕೇಳಿಸಿಕೊಂಡಳು. ಎದ್ದು ಹೊರಡುವಾಗ ಆ ಮುದುಕಿ, "ತಪಾಸಣೆಯವಳು ಇನ್ನೂ ಇದಾಳಲ್ಲ, ಬಸ್ ಡಿಪೋ ಹಿಂದೆ, ಸೊಸೆ ಜೊತೆ" ಅಂದಳು.

ತಪಾಸಣೆಯಜ್ಜಿ ಕಿಟಕಿಯ ಪಕ್ಕದ ಮಂಚದಲ್ಲಿ ಒಂದು ಹಿಡಿಯಷ್ಟಾಗಿ ಮಲಗಿದ್ದಳು. ಸೊಸೆ ಒಣಗಿದ ಬಟ್ಟೆ ಮಡಚುತ್ತ, "ಅತ್ತೆಗೆ ಕಿವಿ ಚೆನ್ನಾಗಿದೆ, ಬೇಕಾದ್ದು ಮಾತ್ರ ಕೇಳ್ಸುತ್ತೆ" ಅಂದಳು.

"ಯಾರ ತಂಗಿ ಅಂದೆ?" ಎಂದು ಅಜ್ಜಿ ಕೇಳಿದಳು.

ಹೊಲಿಗೆಯಮ್ಮನಿಗೆ ಬೇರೆ ಗುರುತು ಹೇಳಲು ತೋಚಲಿಲ್ಲ. "ಪಿನ್ನಿನವಳ ತಂಗಿ."

ಅಜ್ಜಿ ನಗಲು ಹೋಗಿ ಕೆಮ್ಮಿದಳು. "ಪಿನ್ನಿನವಳಾ! ಅವಳ ತಲೇಲಿ ಪಿನ್ನು ಸಿಕ್ಕಿಸೋಕೆ ಕೂದಲೆಲ್ಲಿತ್ತೇ ಮಹರಾಯ್ತಿ?"

ಮದ್ದಿನ ಪುಡಿಗೆ ಅಲ್ಲಿನ ಹೆಂಗಸರ ಚರ್ಮ ಅರಿಸಿನ ಬಳಿದಂತಾಗುತ್ತಿತ್ತಂತೆ. ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿ ಹಿಡಿಹಿಡಿಯಾಗಿ ಉದುರುತ್ತಿತ್ತಂತೆ. ಬಾಚಣಿಗೆ ನೋಡಿ ದಿನಾ ಅಳುವುದಕ್ಕಿಂತ ಇದೇ ಮೇಲು ಎಂದು ಅಕ್ಕ ಹಾಸ್ಟೆಲಿನಲ್ಲಿ ತಲೆ ನುಣ್ಣಗೆ ಬೋಳಿಸಿಕೊಂಡಿದ್ದಳು.

ಹೊಲಿಗೆಯಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಕೊನೆಯ ಸಲ ಮನೆಗೆ ಬಂದಾಗ ಅಕ್ಕ ಮಲಗುವಾಗಲೂ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ. ಇದೇನು ಹೊಸ ಫ್ಯಾಷನ್ನು ಎಂದು ಅಮ್ಮ ರೇಗಿದ್ದಳು.

"ಅವತ್ತೇ ಯಾಕೆ ಹೇಳಲಿಲ್ಲ ಅಜ್ಜಿ?"

ಅಜ್ಜಿ ಗೋಡೆಯ ಕಡೆ ತಿರುಗಿಕೊಂಡಳು. ಅಲ್ಲಿಂದಲೇ ಮಾತು ಬಂತು.

"ನನ್ನ ಕೆಲಸ ತಲೆಯಿಂದ ಶುರು. ಮೊದಲು ಜಡೆ ಬಿಚ್ಚಿಸಿ ಬೆರಳಾಡಿಸಬೇಕು. ಆಮೇಲೆ ಕಾಲರು, ಅಂಚು, ಜೇಬು. ನಿಮ್ಮಕ್ಕ ಬಂದ್ರೆ ಶುರು ಮಾಡೋಕೇ ಏನೂ ಇರ್ತಿರಲಿಲ್ಲ. ತಲೆ ಮೇಲೆ ಒಂದು ಸವರಿ, 'ಹೋಗೇ ಮೊಟ್ಟೆತಲೆ' ಅಂತ ಬಿಟ್ಟುಬಿಡ್ತಿದ್ದೆ. ಅವಳು ನಗ್ತಾ ಹೋಗೋಳು. ಅದೇ ಅಭ್ಯಾಸ ಆಗಿಹೋಯ್ತು. ಜೇಬಿಗೆ ಕೈ ಹಾಕಲೇ ಇಲ್ಲ. ಕೂದಲಿರಲಿಲ್ಲ ಅಂತ ನಾನು ಬಾಯಿ ಬಿಟ್ಟಿದ್ರೆ, ಮತ್ತೆ ಜೇಬು ನೋಡಿದ್ಯಾ ಅಂತ ಸಾಹೇಬರು ಕೇಳೋರು. ಮಡಿಲಲ್ಲಿ ಕೂಸಿತ್ತು. ಬಾಯಿ ಮುಚ್ಕೊಂಡೆ."

"ಹಾಗಾದ್ರೆ ಪಿನ್ನು ಯಾರದ್ದು?"

"ಯಾರಿಗೆ ಗೊತ್ತಮ್ಮ? ಬೂದಿ ಕೆದಕೋಕೆ ಬಂದವರಲ್ಲೂ ಪಿನ್ನು ಸಿಕ್ಕಿಸಿದ ಹೆಂಗಸರಿದ್ರು."

"ಅತ್ತೆ ಬಾಯಿಂದ ಇದನ್ನೆಲ್ಲ ಊರ ಮುಂದೆ ಹೇಳಿಸ್ತೀರಾ? ಈ ವಯಸ್ಸಲ್ಲಿ?" ಎಂದು ಸೊಸೆ ಸಿಡುಕಿದಳು.

"ನನ್ನನ್ನ ಇನ್ನೇನು ಕೆಲಸದಿಂದ ತೆಗೀತಾರೇನೇ?" ಅಂದಳು ಅಜ್ಜಿ. "ಕರ್ಕೊಂಡು ಬಾ ಅವರನ್ನ."

ವಾಪಸು ಬರುವ ಬಸ್ಸಿನಲ್ಲಿ ಹೊಲಿಗೆಯಮ್ಮನಿಗೆ ಒಂದು ಆಸೆ ಹುಟ್ಟಿತು. ಕೂದಲಿನ ಮಾತಷ್ಟೇ ಸಾಕು, ಜೇಬಿನದು ಬೇಡ ಎಂದು ಅಜ್ಜಿಗೆ ಹೇಳಿಬಿಟ್ಟರೆ? ಅಜ್ಜಿಗೂ ಅದು ಹಗುರ. ಆದರೆ ಮತ್ತೊಂದು ಮುಚ್ಚಿಟ್ಟ ಮಾತನ್ನು ಹೊತ್ತು ತಿರುಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಇಳಿಯುವ ಸ್ಟಾಪು ದಾಟಿಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಕಾರ್ಯದರ್ಶಿ ಅಜ್ಜಿಯ ಮನೆಗೆ ಬಂದ. ಅವನ ಜೊತೆ, ಎಲ್ಲರಿಗಿಂತ ಹೆಚ್ಚು ತಕರಾರು ಮಾಡುತ್ತಿದ್ದ ತರಕಾರಿ ಅಂಗಡಿಯಾಕೆಯೂ ಬಂದಳು. ಅವಳ ತಾಯಿ ಅದೇ ಕೋಣೆಯಲ್ಲಿ ಸತ್ತವಳು. ಅಜ್ಜಿ ಕಾರ್ಯದರ್ಶಿಗೆ ಕೇಳುವಂತೆ ದನಿ ಎತ್ತಿ, ಕೂದಲಿನದನ್ನೂ ಜೇಬಿನದನ್ನೂ ಬಿಡದೆ ಹೇಳಿದಳು.

"ಅಂದ್ರೆ ಜೇಬಲ್ಲಿ ಇದ್ದಿರಬಹುದು" ಎಂದಳು ಅಂಗಡಿಯಾಕೆ.

"ಇರಬಹುದು. ನನಗೂ ಗೊತ್ತಿಲ್ಲ" ಎಂದಳು ಹೊಲಿಗೆಯಮ್ಮ.

"ಬೋಳು ತಲೆಯವಳಿಗೆ ಪಿನ್ನು ಯಾಕೆ ಬೇಕಿತ್ತು, ಹಲ್ಲು ಕಡ್ಡಿ ಮಾಡ್ಕೊಳ್ಳೋಕಾ?" ಎಂದು ಅಜ್ಜಿ ಮಂಚದಿಂದಲೇ ಗದರಿದಳು. "ಅವತ್ತು ಕೊರೆಯೋ ಚಳಿ. ನನ್ನ ಬೆರಳು ಮರಗಟ್ಟಿತ್ತು. ನಿಮ್ಮಮ್ಮನ ಜಡೇಲೂ ಸರಿಯಾಗಿ ನೋಡಿದೆ ಅಂತ ನಾನು ಆಣೆ ಹಾಕಲಾರೆ."

ಅಂಗಡಿಯಾಕೆಯ ಮುಖ ಕಪ್ಪಿಟ್ಟಿತು. ಎದ್ದು ಬಾಗಿಲವರೆಗೆ ಹೋದವಳು ತಿರುಗದೆಯೇ ಹೇಳಿದಳು: "ಬರೆಸ್ಕೊಳ್ಳಿ. ನಮ್ಮಮ್ಮನ ಪಕ್ಕ ಮಾತ್ರ ಬೇಡ."

ಪಕ್ಕದಲ್ಲಿ ಜಾಗವೂ ಇರಲಿಲ್ಲ. ಉಳಿದಿದ್ದದ್ದು ಗೋಡೆಯ ಬುಡದಲ್ಲಿ, ನೆಲಕ್ಕೆ ತಾಗುವಷ್ಟು ಕೆಳಗೆ. ಪೇಂಟರ್ ಗೋಣಿಚೀಲ ಹಾಸಿ, ಪಕ್ಕಕ್ಕೆ ಒರಗಿ ಮಲಗಿ ಬರೆಯಬೇಕಾಯಿತು.

"ಇಲ್ಲಿ ಬರೆದರೆ ಯಾರಜ್ಜಿ ಓದ್ತಾರೆ? ನಾಯಿಗಳು ಓದಬೇಕು."

"ಓದ್ಲಿ ಬಿಡು. ನೀನು ಬರಿ."

"ಹೆಸರು ಹೇಳಿ."

ಹೊಲಿಗೆಯಮ್ಮ ತಡವರಿಸಿದಳು. ಬದುಕೆಲ್ಲ ಅಕ್ಕ ಎಂದಷ್ಟೇ ಅಂದುಕೊಂಡವಳ ನಾಲಿಗೆಗೆ ಆ ಹೆಸರು ಬೇರೆ ಯಾರದೋ ಎಂಬಂತಿತ್ತು. ಬಿಡಿಸಿ ಬಿಡಿಸಿ ಹೇಳಿದಳು. ಪೇಂಟರ್ ಬರೆದು ಮುಗಿಸಿ, ಮೊಣಕೈಯ ಧೂಳು ಕೊಡವಿಕೊಂಡು, ಸರಿಯಿದೆಯೋ ಇಲ್ಲವೋ ಎಂದು ಜೋರಾಗಿ ಓದಿದ. ಅಕ್ಕನ ಹೆಸರಷ್ಟೇ. ಹಿಂದೆ ಮುಂದೆ ಏನೂ ಇರಲಿಲ್ಲ.

"ಸರಿ ಇದ್ಯಾ ಅಜ್ಜಿ?"

"ಇನ್ನೊಂದು ಸಲ ಓದಪ್ಪಾ" ಎಂದು ಅವಳು ಅಲ್ಲೇ ಕಲ್ಲಿನ ಮೇಲೆ ಕುಳಿತುಕೊಂಡಳು.