ಖಾಲಿ ಮನೆಯ ಹಗ್ಗಕ್ಕೆ ಗೇಟಕ್ಕನ ಅಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಲೆಮನೆಯ ಗೇಟನ್ನು ಗೇಟಕ್ಕ ಎರಡು ಸಲ ಎಳೆದು ನೋಡುತ್ತಾರೆ. ಚಿಲಕ ಗಟ್ಟಿಯಾಗಿದೆ. ಒಳಗೆ ಹೋದರೆ ಬಾಗಿಲ ಮುಂದೆ ಪೇಪರ್ ಬಿದ್ದಿದೆ, ಆದರೆ ಅದಕ್ಕೆ ಕೈ ಹಾಕುವುದಿಲ್ಲ. ಮೊದಲು ಬೆಲ್ ಒತ್ತುತ್ತಾರೆ. ಆಮೇಲೆ ಅರ್ಧ ಬೀದಿಗೆ ಎಚ್ಚರವಾಗುವಂತೆ ಕೂಗುತ್ತಾರೆ: "ಮೇಷ್ಟ್ರೇ, ಒಳಗಿದ್ದೀರಾ?"

ಮೇಷ್ಟ್ರು ಒಳಗಿಲ್ಲ. ಅದು ಗೇಟಕ್ಕನಿಗೆ ಚೆನ್ನಾಗಿಯೇ ಗೊತ್ತು. ಪಿಟೀಲು ಮೇಷ್ಟ್ರನ್ನು ನಿನ್ನೆ ಸಂಜೆ ಅವರ ತಂಗಿಯ ಊರಿನ ಬಸ್ಸು ಹತ್ತಿಸಿ ಬಂದವರೇ ಇವರು. ಮನೆಯ ಕೀಲಿಕೈ ಇವರ ಜೇಬಿನಲ್ಲೇ ಇದೆ. ಆದರೂ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಾರೆ. ನಿಶ್ಶಬ್ದವೆಂದು ಖಾತ್ರಿಯಾದ ಮೇಲಷ್ಟೇ ಪೇಪರ್ ಎತ್ತಿ ಚೀಲಕ್ಕೆ ಹಾಕಿ, ಅದೇ ಚೀಲದಿಂದ ಒಂದು ಒದ್ದೆ ಅಂಗಿ ತೆಗೆದು ಜಗಲಿಯ ಹಗ್ಗದ ಮೇಲೆ ಹರವುತ್ತಾರೆ. ಖಾಲಿ ಮನೆಗೆ ಈಗ ಆಸಾಮಿ ಬಂದ ಹಾಗಾಯಿತು.

ಗೇಟಕ್ಕ ಪೊಲೀಸರಲ್ಲ, ಸಂಬಳದ ಕಾವಲುಗಾರರೂ ಅಲ್ಲ. ಬೀದಿ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಕಳ್ಳತನ ತಡೆಯಲು ಠಾಣೆಯವರು ಕಟ್ಟಿದ ಬಡಾವಣೆ ತಂಡದಲ್ಲಿ ಸ್ವಯಂಸೇವಕಿ. ಹಸಿರು ಜಾಕೆಟ್ ತೊಟ್ಟು ದಿನಾ ಬೆಳಿಗ್ಗೆ ನಾಲ್ಕು ಬೀದಿ ಸುತ್ತುತ್ತಾರೆ. ಊರಿಗೆ ಹೋಗುವವರು ಇವರಿಗೊಂದು ಮಾತು ಹೇಳಿ ಹೋಗುತ್ತಾರೆ. ಗೇಟು ಎಳೆದು ನೋಡುವ ಚಾಳಿಗೆ ಬಿದ್ದ ಅಡ್ಡಹೆಸರು ಎಷ್ಟು ಗಟ್ಟಿಯಾಗಿದೆಯೆಂದರೆ, ಬ್ಲೌಸ್ ಹೊಲಿಸಲು ಬಂದವರೂ ಹಾಗೆಯೇ ಕರೆಯುತ್ತಾರೆ. ಬಸ್ ಓಡಿಸುವ ಗಂಡನ ತಕರಾರು ಬೇರೆ: "ಊರವರ ಗೇಟೆಲ್ಲಾ ಎಳೆದು ನೋಡ್ತಾಳೆ. ನಮ್ಮನೆ ಬಾಗಿಲು ಮಾತ್ರ ಹಾರು ಹೊಡೆದಿರುತ್ತೆ!"

ಗೇಟಕ್ಕನನ್ನು ಈ ಕೆಲಸಕ್ಕೆ ಇಳಿಸಿದ್ದು ಸಿಟ್ಟು. ಅಮ್ಮನಿಗೆ ಹುಷಾರಿಲ್ಲವೆಂದು ಒಮ್ಮೆ ಕೆಲವು ದಿನ ಅಂಗಡಿ ಮುಚ್ಚಿದ್ದರು. ಮರಳಿ ಬಂದಾಗ ಬೀಗ ಮುರಿದಿತ್ತು, ಹೊಲಿಗೆ ಯಂತ್ರ ಮಾಯವಾಗಿತ್ತು. "ಶಟರ್ ಕೆಳಗೆ ಜಾಹೀರಾತು ಚೀಟಿ ರಾಶಿ ಬಿದ್ದಿತ್ತಂತೆ. ಬೀದಿಯವರೆಲ್ಲ ನೋಡಿದ್ರು. ಎತ್ತಿಟ್ಟವರು ಒಬ್ಬರಿಲ್ಲ. ಕಳ್ಳನಿಗೆ ಅಷ್ಟು ಸಾಕಾಯ್ತು." ಅದೇ ಕಾಲಕ್ಕೆ ಠಾಣೆಯಲ್ಲಿ ಸಭೆ ಕರೆದರು. ಜಗಳ ಆಡಲೆಂದೇ ಹೋದ ಗೇಟಕ್ಕ, ಜಾಕೆಟ್ ತೊಟ್ಟು ಬಂದರು.

ಅಂಗಿ ಒಣಹಾಕುವ ಉಪಾಯ ಇವರದೇ. ಹೊಲಿಯಲು, ರಿಪೇರಿಗೆ ಕೊಟ್ಟು ಮರೆತವರ ಬಟ್ಟೆ ಅಂಗಡಿಯಲ್ಲಿ ಗಂಟುಗಟ್ಟಲೆ ಉಳಿದಿತ್ತು. ದಿನಕ್ಕೊಂದರಂತೆ ನೆನೆಸಿ ತಂದು, ಬೀಗ ಹಾಕಿದ ಮನೆಗಳ ಹಗ್ಗಕ್ಕೆ ಹಾಕತೊಡಗಿದರು. ಒಬ್ಬಾತ ತನ್ನ ಪ್ಯಾಂಟು ಪರರ ಜಗಲಿಯಲ್ಲಿ ತೂಗಾಡುವುದನ್ನು ಕಂಡು ಏದುಸಿರು ಬಿಡುತ್ತ ಅಂಗಡಿಗೆ ಓಡಿ ಬಂದ. "ತಗೊಂಡು ಹೋಗಪ್ಪ ಅಂದೆ. ಸ್ವಲ್ಪ ಬಣ್ಣ ಬಿಟ್ಟಿದೆ, ಆದ್ರೆ ಮೂರು ಮನೆ ಕಾಯ್ದಿದೆ ಅಂದೆ." ಬೀಟ್ ಕಾನ್‌ಸ್ಟೆಬಲ್ ನಗುತ್ತಲೇ ಒಪ್ಪುತ್ತಾರೆ: "ಮೊದಲು ತಿಂಗಳಿಗೆ ಒಂದಾದ್ರೂ ಕೇಸ್ ಬರ್ತಿತ್ತು. ಹೋದ ವರ್ಷ ಈ ನಾಲ್ಕು ಬೀದಿಯಿಂದ ಒಂದೂ ಇಲ್ಲ."

ಆದರೆ ಮೂಲೆಮನೆಯ ಮಾತು ಬಂದರೆ ಗೇಟಕ್ಕನ ದನಿ ತಗ್ಗುತ್ತದೆ.

ಎರಡು ವರ್ಷದ ಹಿಂದಿನ ಮಾತು. ಒಂಟಿಯಾಗಿರುವ ಮೇಷ್ಟ್ರು ಒಂದು ವಾರ ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿದ್ದರು. ಹೊರಡುವ ದಿನ ನೆಗಡಿಯಾಗಿ ಉಳಿದುಬಿಟ್ಟರು. ಅದನ್ನು ಯಾರಿಗೂ ಹೇಳಲಿಲ್ಲ. ಅಂದೇ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಬೆಳಿಗ್ಗೆ ಗೇಟಕ್ಕ ಬಂದರು, ಪೇಪರ್ ಎತ್ತಿಕೊಂಡರು, ಅಂಗಿ ಹಾಕಿದರು, ಹೋದರು. ಮರುದಿನವೂ ಅಷ್ಟೇ. ಗೇಟಿನ ಸದ್ದು ಮೇಷ್ಟ್ರಿಗೆ ಕೇಳುತ್ತಿತ್ತು. ಅವರ ಕ್ಷೀಣ ದನಿ ಮಾತ್ರ ಬಾಗಿಲು ದಾಟಲಿಲ್ಲ. ಬಾಗಿಲಲ್ಲಿ ಪೇಪರ್ ಇಲ್ಲ, ಹಗ್ಗದ ಮೇಲೆ ಅಂಗಿಯಿದೆ. ಎದುರುಮನೆಯವರಿಗೂ ಅನುಮಾನ ಬರಲಿಲ್ಲ.

ಮೂರನೆಯ ಬೆಳಿಗ್ಗೆ ಬಚ್ಚಲ ನೀರು ಮೋರಿಗೆ ಹರಿಯುವುದು ಕಂಡಿತು. ಯಾರೂ ಇಲ್ಲದ ಮನೆಯಲ್ಲಿ ನೀರೇಕೆ? ಗೇಟಕ್ಕ ಕೂಡಲೇ ಕಾನ್‌ಸ್ಟೆಬಲ್‌ಗೆ ಫೋನ್ ಮಾಡಿದರು. ನಲ್ಲಿಗೆ ಕೈ ಎಟುಕುವಷ್ಟು ದೂರ ತೆವಳಿ ಮೇಷ್ಟ್ರು ಅದನ್ನು ತಿರುಗಿಸಿದ್ದರು. ಕಾನ್‌ಸ್ಟೆಬಲ್ ಓಡಿ ಬಂದು ಬಾಗಿಲು ಒಡೆದರು. ಜೀವ ಉಳಿಯಿತು.

"ಕಳ್ಳರ ಕಣ್ಣಿಗೆ ಮಣ್ಣೆರಚೋಕೆ ಹೋಗಿ ನಮ್ಮ ಬೀದಿ ಕಣ್ಣಿಗೇ ಎರಚಿಬಿಟ್ಟೆ," ಎನ್ನುತ್ತಾರೆ ಗೇಟಕ್ಕ. ಜಾಕೆಟ್ ಒಗೆದು ಮಡಚಿ ಠಾಣೆಗೆ ಒಯ್ದಿದ್ದರು. ಕಾನ್‌ಸ್ಟೆಬಲ್ ಕೈಚಾಚಲಿಲ್ಲ. "ನನಗಲ್ಲ, ಮೇಷ್ಟ್ರಿಗೆ ಕೊಡಿ. ಅವರು ಇಸ್ಕೊಂಡ್ರೆ ಆಯ್ತು," ಎಂದರು.

ಆಸ್ಪತ್ರೆಯ ಮಂಚದ ಮೇಲಿದ್ದ ಮೇಷ್ಟ್ರು ಜಾಕೆಟ್ ಕಡೆ ನೋಡಲೂ ಇಲ್ಲ. "ಹೋಗಿಲ್ಲ ಅಂತ ನಾನೂ ಒಂದು ಮಾತು ಹೇಳ್ಬೇಕಿತ್ತಮ್ಮ. ಇನ್ಮೇಲೆ ಪೇಪರ್ ಎತ್ತೋ ಮೊದಲು ಕೂಗಿ. ಶ್ರುತಿ ತಪ್ಪಿದ್ರೂ ಪರವಾಗಿಲ್ಲ, ಜೋರಾಗಿ ಕೂಗಿ."

ಅಂದಿನಿಂದ ತಂಡದವರೆಲ್ಲ ಕೂಗುತ್ತಾರೆ. ಎದ್ದು ಬಂದು ಬೈಯುವವರಿದ್ದಾರೆ, ಮೂಗು ಮುರಿಯುವವರಿದ್ದಾರೆ. ಗೇಟಕ್ಕ ಜಗ್ಗುವವರಲ್ಲ. "ಬೈಗುಳ ಬಂತು ಅಂದ್ರೆ ಒಳಗಿರೋರು ಗಟ್ಟಿಮುಟ್ಟಾಗಿದ್ದಾರೆ ಅಂತ ತಾನೇ?"

ಮೇಷ್ಟ್ರು ಮಾತ್ರ ಆಮೇಲೆ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ. ಅದಕ್ಕೆ ತಮ್ಮ ಮೇಲಿನ ಅಪನಂಬಿಕೆಯೇ ಕಾರಣವಿರಬೇಕೆಂದು ಗೇಟಕ್ಕ ಒಳಗೊಳಗೇ ಕೊರಗುತ್ತಿದ್ದರು. ಮೊನ್ನೆ ಊರುಗೋಲು ಊರಿಕೊಂಡು ಅಂಗಡಿಗೆ ಬಂದ ಮೇಷ್ಟ್ರು, ಯಂತ್ರದ ಪಕ್ಕ ಕೀಲಿಕೈ ಇಟ್ಟರು. "ತಂಗಿ ಮನೆಗೆ ಹೊರಟೆ. ನೋಡ್ಕೊಳ್ಳಿ," ಎಂದಷ್ಟೇ ಹೇಳಿದರು. ಅವತ್ತು ಗೇಟಕ್ಕನಿಗೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಕಣ್ಣು ಅಷ್ಟು ಮಂಜಾಗಿತ್ತು.

ಸುತ್ತು ಮುಗಿಸಿ ಅಂಗಡಿ ತೆರೆಯುವಾಗ ಫೋನ್ ಬಡಿದುಕೊಳ್ಳುತ್ತದೆ. ಮೇಷ್ಟ್ರೇ.

"ಕೂಗಿದ್ರಾ?"

"ಕೂಗಿದೆ ಮೇಷ್ಟ್ರೇ."

"ಯಾರಾದ್ರೂ ಓಗೊಟ್ರಾ?"

"ಇಲ್ಲ."

"ಹಾಗಾದ್ರೆ ನಾನು ಇಲ್ಲೇ ಇದ್ದೀನಿ ಅನ್ನೋದು ಖಾತ್ರಿ ಆಯ್ತು. ತಿಂಡಿ ತಿನ್ನಬಹುದು!"

ಗೇಟಕ್ಕ ನಗುತ್ತ ಫೋನ್ ಇಟ್ಟು, ನಾಳೆಯ ಅಂಗಿಗಾಗಿ ಗಂಟು ಬಿಚ್ಚುತ್ತಾರೆ. ಈ ಸೇವೆಗೆ ಸನ್ಮಾನವೋ ಬಹುಮಾನವೋ ಬರಬೇಕೆನಿಸುವುದಿಲ್ಲವೇ ಎಂದರೆ ಹುಬ್ಬೇರಿಸುತ್ತಾರೆ.

"ಅದೆಲ್ಲ ಯಾಕೆ? ಮುಂದಿನ ವಾರ ಮೇಷ್ಟ್ರು ವಾಪಸ್ ಬರ್ತಾರೆ. ಮರುದಿನ ಬೆಳಿಗ್ಗೆ ನಾನು ಕೂಗಿದಾಗ ಒಳಗಿಂದ ಒಂದು 'ಹೂಂ' ಅಂದ್ರೆ ಸಾಕು."