ಹಾಡಿನ ಕೆಳಗಿದ್ದ ಮಾತು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದೆ ವಿಡಿಯೋ ಅಂಗಡಿ ಇಟ್ಟಿದ್ದ ಹಾಲಸ್ವಾಮಿಗೆ ಮದುವೆಯಲ್ಲಿ ಜನ ಆಡುವ ಮಾತೆಂದರೆ ಕಸ. ಅವನೊಬ್ಬನೇ ಏನು, ಆ ಕಾಲದಲ್ಲಿ ಕೂಡ್ಲಿಗಿಯಿಂದ ಹಡಗಲಿಯವರೆಗೆ ಮದುವೆ ವಿಡಿಯೋ ಮಾಡುವವರೆಲ್ಲ ಹಾಗೇ. ಕ್ಯಾಮೆರಾ ಹಿಡಿದ ದನಿಯನ್ನೆಲ್ಲ ಅಳಿಸಿ, ಮೇಲೆ ಸಿನಿಮಾ ಹಾಡು ಹಾಕಿ ಸಿ.ಡಿ. ಮಾಡಿ ಕೊಡುವುದು. ತಾಳಿ ಕಟ್ಟುವಾಗ ಒಂದು ಹಾಡು, ಹೆಣ್ಣು ಒಪ್ಪಿಸುವಾಗ ಒಂದು, ಊಟದ ಪಂಕ್ತಿಗೆ ಒಂದು. ಎಲ್ಲ ಮದುವೆಗೂ ಅವೇ ಮೂರು. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತ ನಾನು ರೇಗಿಸುತ್ತಿದ್ದೆ. ನನ್ನದು ಪಕ್ಕದ ಝೆರಾಕ್ಸ್ ಅಂಗಡಿ, ನಾಲಿಗೆ ಸ್ವಲ್ಪ ಉದ್ದ. ಅವನು ಬಾಯಿ ಸತ್ತ ಮನುಷ್ಯ. ಗಿರಾಕಿ ಬೈದರೂ ಚಹಾ ತರಿಸುವವನು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅಂಗನವಾಡಿಯ ನಾಗಲಿಂಗಮ್ಮ ಟೀಚರು ಅವನ ಅಂಗಡಿಗೆ ಬಂದರು. ಹತ್ತು ವರ್ಷದ ಹಿಂದೆ ಜ್ವರವೊಂದು ಆ ತಾಯಿಯ ಕಿವಿ ತೆಗೆದುಕೊಂಡು ಹೋಗಿತ್ತು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ದೊಡ್ಡ ಮಗಳು ಸುಕನ್ಯಾಳನ್ನು ಹಗರಿಬೊಮ್ಮನಹಳ್ಳಿಯ ಕಡೆ ಬಸವೇಶನಿಗೆ ಕೊಟ್ಟಿದ್ದರು. ಹಿಂದಿನ ವರ್ಷ ಆಕೆ ಹೊಲದ ಬಾವಿಗೆ ಬಿದ್ದು ಸತ್ತಳು. ಕಾಲು ಜಾರಿತು ಅಂದರು. ಮೂರು ವರ್ಷದ ಕೂಸು ಉಳಿಯಿತು. ನಮ್ಮಲ್ಲಿ ಇಂಥ ಹೊತ್ತಿಗೆ ಹಿರಿಯರ ಬಾಯಿಂದ ಬರುವ ಮಾತು ಒಂದೇ: ಕೂಸಿಗೆ ಚಿಕ್ಕಮ್ಮನಿಗಿಂತ ಹತ್ತಿರದ ತಾಯಿ ಯಾರು? ಹಾಗೆ ಎರಡನೇ ಮಗಳು ಅಮೃತಾಳನ್ನೂ ಅದೇ ಬಸವೇಶನಿಗೆ ಕೊಡುವುದೆಂದು ಮಾತಾಗಿತ್ತು. ಮುಂದಿನ ಸೋಮವಾರ ವೀಳ್ಯ, ಅಂದರೆ ನಿಶ್ಚಿತಾರ್ಥ.

ಟೀಚರಿಗೆ ತಮ್ಮ ದನಿ ತಮಗೆ ಕೇಳದು, ಅದಕ್ಕೆ ಜೋರಾಗಿ ಹೇಳಿದರು. "ಸ್ವಾಮಿ, ಟೀವಿಯಾಗ ಐತವಾರ ಪಿಚ್ಚರಿನ ಕೆಳಗ ಮಾತು ಬರದಿರತಾರಲ್ಲ, ಸುಕನ್ಯಾನ ಮದಿವಿಗೆ ಹಂಗ ಬರದು ಕೊಡು. ಅವತ್ತು ಆಕಿ ಏನೇನು ಮಾತಾಡ್ಯಾಳ, ಒಂದೂ ನನಗ ಕೇಳಿಲ್ಲ. ಸಣ್ಣಾಕೀನ ಕೊಡೋದ್ರಾಗ ಅದನ್ನೊಮ್ಮೆ ಓದಬೇಕು."

ಮನೆಗೆ ಕೊಟ್ಟ ಸಿ.ಡಿ.ಯಲ್ಲಿ ಮಾತೆಲ್ಲಿದೆ, ಹಾಡು ಮಾತ್ರ. ಆದರೆ ಹಾಲಸ್ವಾಮಿ ಮೂಲ ಕ್ಯಾಸೆಟ್‌ಗಳನ್ನು ಟ್ರಂಕಿನಲ್ಲಿ ಇಟ್ಟಿದ್ದ. ಆಗಿನ ಕಾಲಕ್ಕೆ ಹೊಸದಾಗಿ ಬಂದಿದ್ದ ಡಿಜಿಟಲ್ ಕ್ಯಾಮೆರಾದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕ್ಯಾಸೆಟ್‌ಗಳು. ಕ್ಯಾಮೆರಾದಿಂದ ಕಂಪ್ಯೂಟರಿಗೆ ವೈರು ಹಾಕಿ ಇಳಿಸಿಕೊಂಡ. ಅವನಿಗೆ ಕನ್ನಡ ಟೈಪಿಂಗ್ ಬಾರದು, ನನಗೆ ಬರುತ್ತಿತ್ತು. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೇಳುವುದು, ನಾನು ಬಡಿಯುವುದು. ಸಾಲಿನ ಸಂಖ್ಯೆ, ಅದು ಮೂಡಬೇಕಾದ ಗಳಿಗೆ, ಮಾಯವಾಗಬೇಕಾದ ಗಳಿಗೆ, ಅದರ ಕೆಳಗೆ ಮಾತು. ಫೈಲಿಗೆ ಆ ಚಿತ್ರದ ಹೆಸರನ್ನೇ ಇಟ್ಟರೆ ಕಂಪ್ಯೂಟರ್ ತಾನೇ ಎರಡನ್ನೂ ಕೂಡಿಸಿ ತೋರಿಸುತ್ತಿತ್ತು. ಒಂದು ನಿಮಿಷದ ಮಾತಿಗೆ ಅರ್ಧ ಗಂಟೆ ಹಿಡಿಯಿತು. ನಾನು ಬೈದುಕೊಂಡೇ ಬಡಿದೆ.

ಎರಡು ದಿನ ಚೆನ್ನಾಗಿಯೇ ಹೋಯಿತು. ಯಾರೋ ಚಪ್ಪಲಿ ಹುಡುಕುವುದು, ಮದುಮಕ್ಕಳಿಬ್ಬರನ್ನೂ ಜೊತೆಗೆ ಕೂರಿಸಿ ನೀರೆರೆಯುವ ಸುರಗಿಯ ಹೊತ್ತಿಗೆ ಹೆಂಗಸರ ಕುಚೋದ್ಯ, ನೀರಿನ ತಂಬಿಗೆ ಬಡಿದು ಮದುಮಗಳ ಬಳೆ ಒಡೆದವೆಂದು ಗದ್ದಲ. ಮೂರನೇ ದಿನ ತಾಳಿ ಕಟ್ಟುವ ಮುಂಚಿನ ಭಾಗ ಬಂತು. ಮದುಮಗಳು ಬಾಸಿಂಗ ಕಟ್ಟಿಕೊಂಡು, ಹೂವಿನ ಎಳೆಗಳ ಹಿಂದೆ ಮುಖ ತಗ್ಗಿಸಿ ಕೂತಿದ್ದಾಳೆ. ಪಕ್ಕದಲ್ಲಿ ತಾಯಿ. ಹೊರಗೆ ಬ್ಯಾಂಡಿನ ಅಬ್ಬರ. ಹಾಲಸ್ವಾಮಿ ತಟ್ಟನೆ ನಿಲ್ಲಿಸಿದ. ಹಿಂದೆ ತಿರುಗಿಸಿ ಮತ್ತೆ ಕೇಳಿದ. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟ.

"ಅವ್ವಾ, ತಂಬಿಗಿ ಬಡದು ಬಳಿ ಒಡದಿಲ್ಲ. ಸುರಗ್ಯಾಗ ಬಾಜೂಕ ಕುಂತಿದ್ದ ಅವರಿಗೆ, ಮುಂದ ಟೀಚರ್ ಕೆಲಸದ ಪರೀಕ್ಷಿ ಕಟ್ಟಲೇನ್ರಿ ಅಂದೆ, ಕೈ ತಿರುವಿದ್ರು. ಬಾಯಿ ಮಾಡಿದ್ರ ಹೊಲದಾಗ ಬಾವಿ ಐತಿ ನೋಡು ಅಂದ್ರು. ನನಗ ಅಂಜಿಕಿ ಬರಾಕತ್ತೈತಿ. ಮನೀಗೆ ಕರಕೊಂಡು ನಡಿ ಅವ್ವಾ."

ನಾನು ಹೆಡ್‌ಫೋನ್ ಕಿತ್ತಿಟ್ಟೆ. ಬಾಸಿಂಗದ ಹೂವು ತುಟಿ ಮುಚ್ಚಿತ್ತು, ತಾಯಿಗೆ ಏನೂ ತಿಳಿದಿರಲಿಲ್ಲ. ಆಮೇಲಾದರೂ ಹುಡುಗಿ ಯಾಕೆ ಹೇಳಲಿಲ್ಲವೋ, ಹೇಳಲು ಬಿಟ್ಟರೋ ಇಲ್ಲವೋ. ಅವಳ ಕೊರಳ ಹತ್ತಿರ ಕ್ಯಾಮೆರಾ ಹಿಡಿದು ನಿಂತಿದ್ದವನು ಹಾಲಸ್ವಾಮಿ. ಅದರ ಮೇಲೆ ಹಾಡು ಹಾಕಿದವನೂ ಅವನೇ.

"ಬರಿಯೋದು ಬ್ಯಾಡ ಮಂಜಣ್ಣ," ಅಂದ. "ಓದಿದ್ರ ಆ ತಾಯಿ ಉಳಿಯಂಗಿಲ್ಲ."

"ಬರೀಲಿಲ್ಲಂದ್ರ ಅಮೃತಾ ಉಳಿತಾಳೇನಲೇ?" ಎಂದು ನಾನು ಕೂಗಿದೆ. ಅವನು ಕಂಪ್ಯೂಟರ್ ಆರಿಸಿದ. ಅತ್ತ ದರಿ, ಇತ್ತ ಪುಲಿ. ಆ ದಿನ ಇಬ್ಬರೂ ಅಂಗಡಿ ಬೇಗ ಮುಚ್ಚಿದೆವು.

ಮರುದಿನ ಬೆಳಿಗ್ಗೆ ಬಸವೇಶನೇ ಬಂದ. ಬಿಳಿ ಅಂಗಿ, ನಗುಮುಖ, ಎಲ್ಲರಿಗೂ ನಮಸ್ಕಾರ. ವೀಳ್ಯಕ್ಕೂ ಮದುವೆಗೂ ಹಾಲಸ್ವಾಮಿಯೇ ಬರಬೇಕಂತೆ. ಮೇಜಿನ ಮೇಲೆ ಸುಕನ್ಯಾಳ ಹೆಸರು ಬರೆದಿದ್ದ ಕ್ಯಾಸೆಟ್ ಇತ್ತು. ಅದನ್ನು ಎತ್ತಿ ನೋಡಿದ.

"ಇದನ್ನ ಇನ್ನೂ ಇಟ್ಟೀರೇನ್ರಿ? ಇದರ ಮ್ಯಾಲೇ ಹೊಸಾದು ತುಂಬಿಬಿಡ್ರಿ. ಅದಾ ಮನಿ, ಅದಾ ಮಂದಿ. ಹುಡುಗಿ ಅಷ್ಟಾ ಬ್ಯಾರೆ."

ಹಾಲಸ್ವಾಮಿ ಚಹಾ ತರಿಸಲಿಲ್ಲ. ಕ್ಯಾಸೆಟ್ಟನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಬಸವೇಶ ಬಾಗಿಲು ದಾಟಿದ ಮೇಲೆ ನನ್ನತ್ತ ತಿರುಗಿ "ಬಡಿ" ಅಂದ.

ಶನಿವಾರ ಮಧ್ಯಾಹ್ನ ಟೀಚರು ಒಬ್ಬರೇ ಬಂದು ಕಂಪ್ಯೂಟರಿನ ಮುಂದೆ ಕೂತರು. ಮೊದಮೊದಲು ಓದಿ ನಕ್ಕರು. ಮಗಳ ಗೆಳತಿಯರ ಮಾತಿಗೆ ಸೆರಗು ಬಾಯಿಗೆ ಹಿಡಿದು ನಕ್ಕರು. ಆ ಸಾಲುಗಳು ಬಂದವು, ಹೋದವು. ಟೀಚರು ಅಲುಗಾಡಲಿಲ್ಲ. ಬೆರಳಿನಿಂದ ಹಿಂದೆ ಹಿಂದೆ ಎಂದು ತೋರಿಸಿದರು. ಮೂರು ಸಲ ಓದಿದರು. ಆಮೇಲೆ ಪರದೆಯಲ್ಲಿದ್ದ ತಮ್ಮನ್ನೇ ಮುಟ್ಟಿದರು. ಅಲ್ಲಿ ಅವರು ಮಗಳ ಗಲ್ಲ ಸವರಿ, ನಗುತ್ತಾ ಏನೋ ಹೇಳುತ್ತಿದ್ದರು. ಅದರ ಕೆಳಗೆ ಬರಹವಿರಲಿಲ್ಲ.

"ಇಲ್ಲಿ ನಾನೇನೋ ಅಂದೀನಿ. ಯಾಕ ಬರದಿಲ್ಲ?"

ಹಾಲಸ್ವಾಮಿ ತಲೆ ತಗ್ಗಿಸಿದ. ಟೀಚರು ಅವನ ಗದ್ದ ಹಿಡಿದು ಮುಖ ಎತ್ತಿದರು, ತುಟಿ ಕಾಣಲೆಂದು. ಅವನು ಕಣ್ಣು ನನ್ನತ್ತ ಹೊರಳಿಸಿದ. ಕೊನೆಗೆ ನಾನೇ ಕೀಬೋರ್ಡ್ ಎಳೆದುಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಬಡಿದೆ: "ಹೂಂ ಮಗಳ, ಎಲ್ಲಾ ಚಲೋ ಆಗತೈತಿ. ನಡಿ."

ಓದಿದರು. ಅಳಲಿಲ್ಲ. ಅತ್ತಿದ್ದರೆ ನಮಗೆ ಇಷ್ಟು ಭಯವಾಗುತ್ತಿರಲಿಲ್ಲ. ಸೋಮವಾರ ಕ್ಯಾಮೆರಾ ತಗೊಂಡು ಬಾ ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಹೊರಟರು.

ಸೋಮವಾರ ಅವರ ಪಡಸಾಲೆಯಲ್ಲಿ ಹತ್ತಿಪ್ಪತ್ತು ಜನ. ಬೀಗರು ಸೀರೆ, ಹಸಿರು ಬಳೆ, ಎಲೆ ಅಡಿಕೆಯ ತಟ್ಟೆ ತಂದಿಟ್ಟರು. ಹಾಲಸ್ವಾಮಿ ಮೂಲೆಯಲ್ಲಿ ನಿಂತು ಕ್ಯಾಮೆರಾ ಚಾಲೂ ಮಾಡಿದ. ಲೈಟು ಹಿಡಿಯಲು ನಾನೂ ಜೊತೆಗೆ ಹೋಗಿದ್ದೆ. ಅವನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಹಿರಿಯರು ಅಮೃತಾಳನ್ನು ಕರೆಯಿರಿ ಅಂದರು. ಟೀಚರು ಎದ್ದು, ತಟ್ಟೆಯನ್ನು ಬಸವೇಶನ ತೊಡೆಯ ಹತ್ತಿರ ಸರಿಸಿದರು.

"ತಗೊಂಡು ಹೋಗ್ರಿ. ಕೈ ತಿರುವಿ ಬಾವಿ ತೋರಿಸೋ ಮನಿಗೆ ನನ್ನ ಹುಡುಗೀನ ಕೊಡಂಗಿಲ್ಲ."

ಬಸವೇಶನ ನಗು ಹಾಗೇ ಇತ್ತು, ಕಣ್ಣು ಮಾತ್ರ ಒಬ್ಬೊಬ್ಬರ ಮುಖದ ಮೇಲೂ ನಿಂತು ನಿಂತು ಮುಂದೆ ಹೋಯಿತು. ನನ್ನ ಮೇಲೂ ನಿಂತಿತು.

"ಯಾರು ಹೇಳಿದ್ರು ನಿಮಗ?" ಎಂದು ಕೇಳಿದ.

ಟೀಚರು ಅವನ ತುಟಿಯನ್ನೇ ನೋಡುತ್ತಿದ್ದರು.

"ಸುಕನ್ಯಾ," ಅಂದರು.