ಒಂದನೇ ನಂಬರಿನ ದನಿ

ಹಳೇ ಚೌಕದ ಗಡಿಯಾರ ಗೋಪುರದ ಕೆಳಗೆ ಗೂಡಿನಂಥ ಒಂದು ಕೌಂಟರ್. ಚೌಕ ನೋಡಲು ಬಂದವರಿಗೆ ಅಲ್ಲಿ ಅಂಗೈಯಗಲದ ಯಂತ್ರ, ಜೊತೆಗೊಂದು ಹೆಡ್‌ಫೋನು ಕೊಡುತ್ತಾರೆ. ಕಾರಂಜಿಯ ಬಳಿ ನಿಂತು ಒಂದು ಒತ್ತಿದರೆ ಕಾರಂಜಿಯ ಕಥೆ, ನ್ಯಾಯಾಲಯದ ಮೆಟ್ಟಿಲ ಹತ್ತಿರ ಎರಡು ಒತ್ತಿದರೆ ಗಲ್ಲಿಗೇರಿದವರ ಕಥೆ. ಹತ್ತೊಂಬತ್ತು ವರ್ಷದಿಂದ ಈ ಸೆಟ್ಟುಗಳನ್ನು ಕೊಡುತ್ತಿದ್ದವಳು ಸೆಟ್ಟಕ್ಕ. ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು.

ಬೆಳಿಗ್ಗೆ ಜನ ಬರುವ ಮುಂಚೆ ನಲವತ್ತೆಂಟು ಸೆಟ್ಟುಗಳನ್ನೂ ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು. ಒಂದೊಂದನ್ನೂ ಕಿವಿಗಿಟ್ಟು, ಒಂದು ಒತ್ತಿ, ಮೊದಲ ವಾಕ್ಯ ಕೇಳಿ ಹಾಳೆಯಲ್ಲಿ ಟಿಕ್ ಹಾಕಬೇಕು. "ಬನ್ನಿ, ಈ ಕಾರಂಜಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂತುಕೊಳ್ಳಿ" ಎನ್ನುತ್ತಿತ್ತು ಗಂಡಸಿನ ದನಿ. ಬದುಕಿದ್ದಷ್ಟು ಕಾಲ ಗಂಡ ಒಂದು ಸಲ ಕೂತ್ಕೋ ಅಂದವನಲ್ಲ, ಈ ಪುಣ್ಯಾತ್ಮ ದಿನಕ್ಕೆ ನಲವತ್ತೆಂಟು ಸಲ ಅಂತಾನೆ ಎಂದು ಸೆಟ್ಟಕ್ಕ ನಗಾಡುತ್ತಿದ್ದಳು.

ಎರಡು ವರ್ಷದ ಹಿಂದೆ ಎಡಗಿವಿ ಕೈಕೊಟ್ಟಿತು. ನಿಧಾನಕ್ಕೆ ಬಲಗಿವಿಯೂ ಅದೇ ದಾರಿ ಹಿಡಿಯಿತು. ಸೆಟ್ಟಕ್ಕ ತುಟಿಪಿಟಕ್ಕೆನ್ನಲಿಲ್ಲ. ಗೊತ್ತಾದರೆ ಕೌಂಟರಿನಿಂದ ಎಬ್ಬಿಸುತ್ತಾರೆ. ಮನೆಯಲ್ಲಿ ಮಾತಾಡಿಸಲು ನರಪಿಳ್ಳೆಯಿಲ್ಲ, ಇಲ್ಲಿಯಾದರೆ ದಿನಕ್ಕೆ ನೂರು ಜನ ಅಕ್ಕಾ ಎನ್ನುತ್ತಾರೆ. ಬಂದವರು ಕೇಳುವುದಾದರೂ ಏನು? ಯಾವ ಗುಂಡಿ, ಎಷ್ಟು ಹೊತ್ತು, ಎಲ್ಲಿಗೆ ವಾಪಸು, ಶೌಚಾಲಯ ಎಲ್ಲಿ. ತುಟಿ ನೋಡಿಯೇ ಉತ್ತರ ಕೊಟ್ಟುಬಿಡುತ್ತಿದ್ದಳು.

ಸೆಟ್ಟುಗಳ ದನಿ ಮಾತ್ರ ಏರುತ್ತಾ ಹೋಯಿತು. ಜನ ಬೆಚ್ಚಿ ಹೆಡ್‌ಫೋನು ಕಿತ್ತುಹಾಕುತ್ತಿದ್ದರು. ಪಕ್ಕದಲ್ಲಿ ಟಿಕೆಟ್ ಕೊಡುವವನು ಹಾಳೆಯ ಹಿಂದೆ ಬರೆದು ತೋರಿಸಿದ: "ಅಕ್ಕಾ, ಕಥೆ ಹೇಳ್ತಿದೀಯೋ, ಕಪಾಳಕ್ಕೆ ಬಾರಿಸ್ತಿದೀಯೋ?" ಅವನಿಗೆ ಯಾವಾಗಲೋ ಗೊತ್ತಾಗಿತ್ತು. ಅವನೂ ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಅವಳು ಕೇಳಿ ಮುಗಿಸಿದ ಮೇಲೆ ದನಿ ಇಳಿಸಿಡತೊಡಗಿದಳು.

ಒಂದು ಬುಧವಾರ ಮೇಲಿನ ಆಫೀಸಿನ ಮೇಡಂ ಬಂದರು. ಮೂರು ಸೆಟ್ಟುಗಳಲ್ಲಿ ವಾರದಿಂದ ಸದ್ದೇ ಇಲ್ಲ ಎಂದು ದೂರು. ಹಾಳೆಯಲ್ಲಿ ನೋಡಿದರೆ ದಿನವೂ ಟಿಕ್. ಮೇಡಂ ಎದುರು ನಿಂತು ಬಿಡಿಬಿಡಿಸಿ ಕೇಳಿದರು, ಒಂದನೇ ನಂಬರಿನಲ್ಲಿ ಏನು ಬರುತ್ತೆ?

ಸೆಟ್ಟಕ್ಕ ಒಂದಕ್ಷರ ತಪ್ಪದೆ, ಆ ಗಂಡಸು 'ಬನ್ನಿ' ಎಂದು ನಿಲ್ಲುತ್ತಿದ್ದಷ್ಟೇ ಹೊತ್ತು ನಿಂತು, ಪೂರ್ತಿ ಹೇಳಿದಳು.

ಮೇಡಂ ಟಿಕೆಟಿನವನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ಆಫೀಸಿನವರು ಎಲ್ಲ ಸೆಟ್ಟುಗಳಿಂದಲೂ ಆ ದನಿ ತೆಗೆದುಹಾಕಿ ಮೂರು ವಾರವಾಗಿತ್ತು. ಈಗ ಇದ್ದದ್ದು ಒಬ್ಬ ಹೆಂಗಸಿನ ದನಿ, ಮಾತೂ ಬೇರೆ. ಮೇಡಂ ಅದನ್ನೇ ಹಾಳೆಯ ಮೇಲೆ ಬರೆದು ಮುಂದಿಟ್ಟರು.

ಸೆಟ್ಟಕ್ಕ ಎರಡು ಸಲ ಓದಿದಳು. "ನಾನು ಸುಳ್ಳು ಟಿಕ್ ಹಾಕಿಲ್ಲ ಮೇಡಂ," ಅಂದಳು. "ನಂಗೆ ಕೇಳಿಸ್ತಿತ್ತು. ದಿನಾ ಕೇಳಿಸ್ತಿತ್ತು."

ಬಲಗಿವಿಯಲ್ಲಿ ಇನ್ನೂ ಒಂದಿಷ್ಟು ಉಳಿದಿದೆ ಎಂದು ಅವಳು ನಂಬಿದ್ದಳು. ಅದೂ ಯಾವತ್ತೋ ಹೋಗಿತ್ತು.

ಮೇಡಂ ಬೈಯಲಿಲ್ಲ. ಅವಳ ಕೈ ಹಿಡಿದುಕೊಂಡೇ ಇನ್ನೊಂದು ಸಾಲು ಬರೆದರು: ಸೋಮವಾರದಿಂದ ಹಿಂದಿನ ಉಗ್ರಾಣದಲ್ಲಿ, ಒರೆಸುವ ಕೆಲಸ ಮಾತ್ರ.

ಅವರು ಹೋದ ಮೇಲೆ ಹುಡುಗಿಯೊಬ್ಬಳು ಕೌಂಟರಿಗೆ ಬಂದು ಏನೋ ಕೇಳಿದಳು. ದಿನವೂ ಬರುವ ಆ ನಾಲ್ಕು ಪ್ರಶ್ನೆಗಳಲ್ಲಿ ಯಾವುದೂ ಅಲ್ಲ. ಬೇರೆ ದಿನವಾಗಿದ್ದರೆ ಸೆಟ್ಟಕ್ಕ ನಕ್ಕು ತಲೆಯಾಡಿಸಿ ಪಾರಾಗುತ್ತಿದ್ದಳು.

"ನಂಗೆ ಕಿವಿ ಕೇಳ್ಸಲ್ಲ ಮಗಾ," ಅಂದಳು. "ಆ ಟಿಕೆಟ್ ಅಣ್ಣನ್ನ ಕೇಳು."